ಗಂಗವ್ವನ ಸೀರೆ, ಸಾಹುಕಾರನ ಕ್ಯಾಮೆರಾ

ಮುಂಡರಗಿಯ ಬಜಾರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಚನ್ನಬಸವಣ್ಣನವರು ಭಕ್ತರು ಎಂಬುದರಲ್ಲಿ ಅವರನ್ನು ಕಂಡರೆ ಆಗದವರಿಗೂ ಸಂಶಯವಿರಲಿಲ್ಲ. ಬೆಳಗಿನ ಪೂಜೆ ತಪ್ಪಿಸಿದವರಲ್ಲ. ಹಣೆಯ ವಿಭೂತಿ ಮಾಸಗೊಟ್ಟವರಲ್ಲ. ಅಂಗಡಿಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಒಳಗೆ ಕಾಲಿಟ್ಟವರಲ್ಲ. ಬಟ್ಟೆ ಅಳೆಯುವ ಕೋಲನ್ನು ಕೂಡ ನಮಸ್ಕರಿಸಿಯೇ ಹಿಡಿಯುತ್ತಿದ್ದರು. ನಮಸ್ಕಾರ ಮುಗಿದ ಮೇಲೆ ಆ ಕೋಲು ತುಸು ಗಿಡ್ಡವಾಗುತ್ತದೆ ಎಂಬುದು ಗಿರಾಕಿಗಳ ಮಾತು. ಇರಬಹುದು. ದೇವರ ಮುಂದೆ ಬಾಗಿದ್ದು ಮತ್ತೆ ಅಷ್ಟೇ ಉದ್ದ ಏಳಬೇಕೆಂಬ ನಿಯಮವೇನೂ ಇಲ್ಲವಲ್ಲ!

ಅವರ ಮನೆ ಇದ್ದದ್ದು ಹೊಳೆಹೊಸೂರಿನಲ್ಲಿ, ತುಂಗಭದ್ರೆಯ ದಂಡೆಗೆ. ನೀರಿಗೆ ಇಳಿಯುವ ಕಲ್ಲಿನ ಪಾವಟಿಗೆಗಳ ಬುಡದಲ್ಲಿ ಒಂದು ಹರಿಗೋಲು ನಿಲ್ಲುತ್ತದೆ. ಆಚೆ ದಂಡೆಯ ಹೊಲಗಳಿಗೆ ಹೋಗುವವರು ಅದರಲ್ಲಿ ಕುಳಿತು ದಾಟುತ್ತಾರೆ. ಸಾಹುಕಾರರ ಮನೆಯ ಮಾಳಿಗೆ ಏರಿದರೆ ಪಾವಟಿಗೆ, ಹರಿಗೋಲು, ನೀರು ಎಲ್ಲವೂ ಅಂಗೈಯಲ್ಲಿಟ್ಟಂತೆ ಕಾಣುತ್ತದೆ. ಅನೇಕ ವರ್ಷ ಅದನ್ನು ನೋಡಿಯೂ ಅವರಿಗೆ ಏನೂ ಅನ್ನಿಸಿರಲಿಲ್ಲ. ಅನ್ನಿಸಿದ್ದು ಒಂದು ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಗಾದಿಯ ಮೇಲೆ ಒರಗಿ ಮೊಬೈಲು ತೀಡುತ್ತಿದ್ದಾಗ. ಯಾವುದೋ ಪರದೇಶದ ಗೃಹಸ್ಥನೊಬ್ಬ ತನ್ನ ಮನೆಯ ಕಿಟಕಿಗೆ ಕ್ಯಾಮೆರಾ ಕಟ್ಟಿ, ಎದುರಿನ ಬಂದರನ್ನು ಹಗಲಿರುಳು ಲೋಕಕ್ಕೆ ನೇರವಾಗಿ ತೋರಿಸುತ್ತಿದ್ದ. ಹಡಗು ಬರುತ್ತಿತ್ತು, ಹೋಗುತ್ತಿತ್ತು. ಸಾವಿರಾರು ಜನ ನೋಡುತ್ತಿದ್ದರು.

“ಯಲ್ಲೇಶಾ, ಇದೇನೈತಿ ನೋಡಿಲ್ಲೆ,” ಎಂದು ಅಂಗಡಿಯ ಆಳನ್ನು ಕರೆದರು.

“ನೀರ್ರಿ.”

“ನೀರಲ್ಲಲೇ, ಬಂದರ! ಜಗತ್ತ ನೋಡಾಕತ್ತೈತಿ. ಯಾಕ, ನಮ್ಮೂರಾಗ ನೀರಿಲ್ಲೇನು?”

“ಐತ್ರಿ. ಹಡಗ ಇಲ್ಲ.”

“ಹರಿಗೋಲ ಐತಲ್ಲ!”

ಯಲ್ಲೇಶ ಆ ಹರಿಗೋಲನ್ನು ಮನಸ್ಸಿನಲ್ಲಿ ತಂದುಕೊಂಡ. ಅದರ ತಳಕ್ಕೆ ಗೊಬ್ಬರದ ಚೀಲದ ತೇಪೆ ಹಾಕಿತ್ತು. ಆದರೆ ಸಂಬಳ ಕೊಡುವವರ ಮುಂದೆ ತೇಪೆಯ ಮಾತು ಎತ್ತಬಾರದೆಂಬ ವಿವೇಕ ಅವನಿಗಿತ್ತು.

“ಹೌದ್ರಿ. ನೋಡಿದ್ರ ಬಂದರನ ಅದು,” ಎಂದ.

ಸಾಹುಕಾರರ ಈ ಹಂಬಲದ ಬೇರು ಬರೀ ಹಂಬಲದಲ್ಲಿರಲಿಲ್ಲ. ಅದನ್ನು ತಿಳಿಯಲು ಹೊಳೆಹೊಸೂರಿನ ಒಂದು ಪದ್ಧತಿಯನ್ನು ತಿಳಿಯಬೇಕು.

ಶ್ರಾವಣದ ಕಡೆಯ ಸೋಮವಾರ, ಹೊಳೆ ತುಂಬಿ ಹರಿಯುವಾಗ, ಊರ ಹೆಣ್ಣುಮಕ್ಕಳು ಗಂಗವ್ವನ ಉಡಿ ತುಂಬುತ್ತಾರೆ. ತುಂಬಿದ ಹೊಳೆ ತುಂಬಿದ ಬಸುರಿಯಂತೆ. ಅವಳ ಉಡಿ ಬರಿದಾಗಿರಬಾರದೆಂಬ ಭಾವ. ಮೊದಲ ಉಡಿಯ ಮಾನ ಚನ್ನಬಸವಣ್ಣನವರ ಮನೆಯದು. ಹೊಸ ಮೊರದಲ್ಲಿ ಹಸಿರು ಸೀರೆ, ಕುಪ್ಪಸದ ಖಣ, ಅಕ್ಕಿ, ತೆಂಗಿನಕಾಯಿ, ಅರಿಸಿನ ಕುಂಕುಮ, ಎಲೆ ಅಡಿಕೆ ಇಟ್ಟು ನೀರಿಗೆ ಬಿಡುತ್ತಾರೆ. ಮೊರ ತೇಲುತ್ತ ಹೋಗಿ ಕೆಳಗಿನ ತಿರುವಿನಲ್ಲಿರುವ ಎಮ್ಮೆಬಂಡೆಗೆ ತಾಗಿ ನಿಲ್ಲುತ್ತದೆ. ಅಲ್ಲಿ ನಿಂತದ್ದೆಲ್ಲ ಅಂಬಿಗರದು. ಗಂಗವ್ವ ಉಟ್ಟು ಬಿಟ್ಟ ಸೀರೆಯನ್ನು ಅಂಬಿಗರ ಮನೆಯ ಹೆಣ್ಣುಮಗಳು ಉಡಬೇಕು. ಅವಳು ಅದನ್ನುಟ್ಟು ದಂಡೆಯ ಮೇಲೆ ಓಡಾಡುವ ವರ್ಷ ಹೊಳೆ ಯಾರನ್ನೂ ಎಳೆದುಕೊಳ್ಳುವುದಿಲ್ಲ ಎಂದು ಹಿರಿಯರು ನಂಬಿದ್ದರು. ದೇವರಿಗೆ ಕೊಟ್ಟದ್ದು ಬಡವರ ಮೈ ಮುಚ್ಚುವಂತೆ ದಾರಿ ಮಾಡಿಟ್ಟ ಆ ಹಿರಿಯರ ಬುದ್ಧಿಗೆ ಎಷ್ಟು ಸಲ ಶರಣೆಂದರೂ ಸಾಲದು.

ಸಾಹುಕಾರರ ತಂದೆಯ ಕಾಲದವರೆಗೆ ಇದು ಹೀಗೆಯೇ ನಡೆಯಿತು. ಮಗನ ಕಾಲಕ್ಕೆ ಧರ್ಮದಲ್ಲಿ ಸ್ವಲ್ಪ ವ್ಯಾಪಾರ ಬೆರೆಯಿತು. ಬೆಟಗೇರಿಯ ನೇಕಾರರಿಂದ ತಂದ ಕಟ್ಟಿನಲ್ಲಿ ಒಂದು ಹಸಿರು ಸೀರೆ ಇತ್ತು. ಕೆಂಪು ದಡಿ, ಸೆರಗಿನ ತುಂಬ ಗೋಪುರಗಳ ಸಾಲು. ಆ ಸಾಲಿನಲ್ಲಿ ನಟ್ಟನಡುವಿನ ಗೋಪುರವೊಂದು ನೇಯುವಾಗ ತಪ್ಪಿಹೋಗಿ, ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು. ಯಾವ ಹೆಂಗಸೂ ಅದನ್ನು ಕೊಳ್ಳಲಿಲ್ಲ. ಮನುಷ್ಯರು ಒಲ್ಲೆನೆಂದದ್ದನ್ನು ಸಾಹುಕಾರರು ದೇವರಿಗೆ ಮೀಸಲಿಟ್ಟರು. ಅಷ್ಟಕ್ಕೇ ನಿಂತಿದ್ದರೂ ಶಿವ ಕ್ಷಮಿಸುತ್ತಿದ್ದನೇನೋ. ಆದರೆ ಸೀರೆ ನೀರಿಗೆ ಹೋಗುವುದನ್ನು ಅವರ ಕರುಳು ತಾಳಲಿಲ್ಲ. ಹರಿಗೋಲು ನಡೆಸುವ ಅಂಬಿಗರ ಹುಚ್ಚೀರಪ್ಪನನ್ನು ಮನೆಗೆ ಕರೆಸಿದರು.

“ಹುಚ್ಚೀರಪ್ಪಾ, ಆ ಸೀರಿ ನಿನ್ನ ಹೇಣ್ತಿಗೆ ಭಾರ ಆಕ್ಕೈತಿ. ಅದನ್ನ ಯಲ್ಲೇಶನ ಕೈಯಾಗ ಕೊಟ್ಟ ಕಳಸು. ಹಗೂರಂದೊಂದು ನಾ ಅಂಗಡಿಯಿಂದ ಕೊಡತೇನಿ.”

ಹರಿಗೋಲು ನಡೆಸುವ ಹಕ್ಕಿನ ಹರಾಜಿನಲ್ಲಿ ಅವನಿಗೆ ಜಾಮೀನು ನಿಂತವರು ಸಾಹುಕಾರರೇ. ಹುಚ್ಚೀರಪ್ಪ ತಲೆ ಅಲ್ಲಾಡಿಸಿದ. ಮೊದಲ ವರ್ಷ ಅವನ ಹೆಂಡತಿ ಮಾಳವ್ವನಿಗೆ ಬೆಳಕು ತೂರುವಂಥ ತೆಳುವಾದ ಒಂದು ಪಾಲಿಸ್ಟರ್ ಸೀರೆ ಬಂತು. ಮರುವರ್ಷ ಟವೆಲ್ಲು ಬಂತು. ಅದರ ಮರುವರ್ಷ ಅಂಗಡಿಯ ಹೆಸರು ಅಚ್ಚಾದ ಕ್ಯಾಲೆಂಡರು ಬಂತು; ಅದರಲ್ಲಿ ಲಕ್ಷ್ಮಿ ಮಾತ್ರ ಒಳ್ಳೆಯ ಸೀರೆ ಉಟ್ಟಿದ್ದಳು. ಇತ್ತ ಹಲ್ಲುಬಿದ್ದ ಸೀರೆ ವರ್ಷವರ್ಷವೂ ಹೊಳೆಯಿಂದ ಅಂಗಡಿಗೆ ಮರಳಿ, ಒಗೆಸಿಕೊಂಡು, ಇಸ್ತ್ರಿ ಮಾಡಿಸಿಕೊಂಡು, ಕಾಗದ ಸುತ್ತಿಕೊಂಡು, ಮುಂದಿನ ಶ್ರಾವಣಕ್ಕೆ ಮತ್ತೆ ಗಂಗವ್ವನ ಬಳಿಗೆ ಹೊರಡುತ್ತಿತ್ತು. ಒಂದೇ ಸೀರೆ, ಪುಣ್ಯ ಮಾತ್ರ ಪ್ರತಿ ಸಲವೂ ಹೊಸದು!

ಉಡಿ ತುಂಬುವ ಕೈ ಸಾಹುಕಾರರ ಹೆಂಡತಿ ಅನ್ನಪೂರ್ಣವ್ವನದು. ಆ ತಾಯಿಗೆ ಇದೊಂದೂ ತಿಳಿಯದು.

“ಸೀರಿ ಹೊಸದೇನ್ರಿ?” ಎಂದು ಆಕೆ ಕೇಳಿದರೆ, “ಅಂಗಡ್ಯಾಗ ಹಳೇದು ಇರತಾವೇನು?” ಎಂದು ಅವರು ಕೇಳುತ್ತಿದ್ದರು. ಸುಳ್ಳು ಹೇಳಲಿಲ್ಲ, ಸುಳ್ಳಿಗೆ ಪ್ರಶ್ನೆಯ ಅಂಗಿ ತೊಡಿಸಿದರು. “ದೇವರ ಸೀರಿ ಬಿಚ್ಚಿ ನೋಡಬಾರದು” ಎಂಬ ಒಂದು ಶಾಸ್ತ್ರವನ್ನೂ ತಾವೇ ಹುಟ್ಟಿಸಿದರು. ಹಿಂದಿನ ಶ್ರಾವಣದಲ್ಲಿ ಮಗಳು ನೇತ್ರಾ ಶಿರಹಟ್ಟಿಯ ಗಂಡನ ಮನೆಯಲ್ಲಿ ಕಷ್ಟದ ಬಸುರಿಯಾಗಿದ್ದಾಗ, ಅನ್ನಪೂರ್ಣವ್ವ ಆ ಕಾಗದದ ಕಟ್ಟನ್ನು ಎದೆಗೆ ಒತ್ತಿಕೊಂಡು, “ಯವ್ವಾ ಗಂಗವ್ವ, ನನ್ನ ಮಗಳ ಉಡಿ ನೀ ಕಾಯಿ” ಎಂದು ಅತ್ತು ನೀರಿಗೆ ಬಿಟ್ಟಿದ್ದಳು. ಹೆರಿಗೆ ಸಸೂತ್ರವಾಗಿತ್ತು. ಈ ಸಲದ ಉಡಿ ಆ ಉಪಕಾರಕ್ಕೆ.

ಸಾಹುಕಾರರಿಗೆ ಈ ಸಲ ಬೇಕಾದದ್ದು ಬೇರೆ. ಪಾವಟಿಗೆಗಳ ದುರಸ್ತಿ ಮುಗಿದಿತ್ತು. ಅಲ್ಲಿ ‘ಮೊದಲ ಉಡಿಯ ಮನೆತನ’ ಎಂದು ತಮ್ಮ ಹೆಸರು ಕೆತ್ತಿದ ಕಲ್ಲು ನಿಲ್ಲಬೇಕು. ಕಲ್ಲನ್ನು ಆಗಲೇ ತರಿಸಿ, ನಯ ಮಾಡಿಸಿ, ದಂಡೆಯಲ್ಲಿ ಒರಗಿಸಿದ್ದರು. ಅಕ್ಷರ ಹಾಕಲು ದೈವದ ಅಪ್ಪಣೆ ಬೇಕು. ನಮ್ಮ ಕಡೆ ದೈವವೆಂದರೆ ಗುಡಿಯ ಒಳಗಿನದಲ್ಲ, ಗುಡಿಯ ಮುಂದೆ ಕೂಡಿದ ಊರ ಹಿರಿಯರು. ಆ ದೈವದಲ್ಲಿ ಹಿರಿಯಳು ಸಾವಿತ್ರೆವ್ವ. ಆಕೆಯ ಮೊಣಕಾಲು ಸೋತಿದ್ದವು, ನಾಲಿಗೆ ಸೋತಿರಲಿಲ್ಲ.

“ಈ ಸಲದ ಉಡಿ ಆಗಲಿ. ಉಣ್ಣಾಕ ಕುಂತಾಗ ಹೇಳತೇನಿ,” ಎಂದಿದ್ದಳು.

ಉಡಿ ತುಂಬುವುದನ್ನು ಜಗತ್ತೇ ನೋಡಿದ ಮೇಲೆ ಒಬ್ಬ ಮುದುಕಿ ಬೇಡವೆನ್ನಲು ಸಾಧ್ಯವೇ? ಇದು ಸಾಹುಕಾರರ ಲೆಕ್ಕಾಚಾರ.

ಮುಂಡರಗಿಯ ಬಸ್‌ಸ್ಟ್ಯಾಂಡಿನ ಎದುರು ಮೊಬೈಲು ರಿಪೇರಿ ಮಾಡುವ ತಾರೀಖನನ್ನು ಕರೆತಂದರು. ಕ್ಯಾಮೆರಾ ಎಂದರೆ ನೇತ್ರಾ ಬಿಟ್ಟುಹೋದ ಹಳೆಯ ಮೊಬೈಲು. ಗಾಜು ಒಡೆದಿತ್ತು, ಬ್ಯಾಟರಿ ಸತ್ತಿತ್ತು, ಕಣ್ಣೊಂದು ನೆಟ್ಟಗಿತ್ತು.

“ಸಾವ್ಕಾರ್ರ, ಇದಕ್ಕ ನೀರ ಹೋಗದಂಥಾ ಡಬ್ಬಿ ಸಿಗತೈತ್ರಿ. ತರಸಲೇನು?” ಎಂದ ತಾರೀಖ.

“ಯಾಕ, ನಮ್ಮ ಮನ್ಯಾಗ ಡಬ್ಬಿಗೆ ಬರ ಬಂದೈತೇನು?” ಎಂದು ಸಾಹುಕಾರರು ಅಡುಗೆಮನೆಗೆ ನುಗ್ಗಿ, ಉಪ್ಪಿನಕಾಯಿ ಮುಗಿದಿದ್ದ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬಂದರು.

“ಅಲ್ರೀ, ಅದನ್ನ ಬಿಸಿನೀರಾಗ ತಿಕ್ಕಬೇಕ್ರಿ. ಮಾವಿನಕಾಯಿ ಎಣ್ಣಿ ವಾಸನಿ ಹೋಗಿಲ್ಲ,” ಎಂದು ಅನ್ನಪೂರ್ಣವ್ವ ಹಿಂದೆಯೇ ಬಂದಳು.

“ಕ್ಯಾಮೆರಾಕ್ಕ ಕಣ್ಣಷ್ಟ ಇರೂದು. ಮೂಗಿಲ್ಲ.”

ಕ್ಯಾಮೆರಾಕ್ಕೆ ಮೂಗಿಲ್ಲ, ನಿಜ. ಮೂಗುಳ್ಳವರು ಊರಿನಲ್ಲಿ ಬೇರೆ ಇದ್ದರು.

ಡಬ್ಬಿಯ ತಳ ಕೊರೆದು ಗಾಜು ಅಂಟಿಸಿದರು. ಒಳಗೆ ಮೊಬೈಲು ಕೂಡಿಸಿ, ಹಳೆಯ ಸೀರೆಯ ದಡಿಯಿಂದ ಡಬ್ಬಿಯನ್ನು ಬಿದಿರುಗಳಕ್ಕೆ ಬಿಗಿದು, ಗಳವನ್ನು ಮಾಳಿಗೆಯ ಮೇಲೆ ನಿಲ್ಲಿಸಿದರು. ವಿದ್ಯುತ್ತು ಅಡುಗೆಮನೆಯಿಂದ ಹೊರಟು, ಬಟ್ಟೆ ಒಣಹಾಕುವ ಹಗ್ಗದ ಗುಂಟ ನಡೆದು ಮೇಲೇರಿತು. ಮಿಕ್ಸರಿಗೂ ಕ್ಯಾಮೆರಾಕ್ಕೂ ಒಂದೇ ಪ್ಲಗ್ಗು ಇದ್ದುದರಿಂದ ಅನ್ನಪೂರ್ಣವ್ವ ಚಟ್ನಿ ತಿರುವಿದಾಗಲೆಲ್ಲ ಬಂದರು ಭೂಲೋಕದಿಂದ ಮಾಯವಾಗುತ್ತಿತ್ತು. ಎಮ್ಮೆಬಂಡೆ ಮಾತ್ರ ಚಿತ್ರದ ಹೊರಗೆ ಉಳಿಯುವಂತೆ ಸಾಹುಕಾರರು ತಾವೇ ನಿಂತು ಡಬ್ಬಿಯ ಮುಖ ಹೊಂದಿಸಿದರು. ಲೋಕಕ್ಕೆ ಎಷ್ಟು ತೋರಿಸಬೇಕೆಂಬುದು ಭಕ್ತನಿಗೆ ತಿಳಿದಿರಬೇಕಷ್ಟೆ.

‘ಹೊಳೆಹೊಸೂರು ಬಂದರು: ನೇರ ದರ್ಶನ’ ಎಂದು ಹೆಸರಿಟ್ಟು, ಕೆಳಗೆ ಅಂಗಡಿಯ ಹೆಸರನ್ನು ಅದಕ್ಕಿಂತ ದಪ್ಪ ಅಕ್ಷರದಲ್ಲಿ ಹಾಕಿಸಿದರು. ಬಂದರಿಗೆ ತಕ್ಕ ಶಿಸ್ತು ಬೇಡವೇ? ಎಮ್ಮೆ ಮೈ ತೊಳೆಯುವವರನ್ನು ಗದರಿಸಿ ಮೇಲಕ್ಕೆ ಅಟ್ಟಿದರು. ಹುಚ್ಚೀರಪ್ಪನಿಗೆ ಯಾವುದೋ ಚುನಾವಣೆಯಲ್ಲಿ ಹಂಚಿದ್ದ ಬಿಳಿ ಟೊಪ್ಪಿಗೆಯನ್ನು, ಅಕ್ಷರ ಒಳಮಗ್ಗುಲು ಮಾಡಿ, ತಲೆಗೆ ಇಟ್ಟರು.

“ಹಡಗ ನಡಸಾವರು ಹಿಂಗ ಇರತಾರ.”

“ಬಿಸಲಿಗೆ ಚಲೋ ಆತ್ರಿ ಧಣ್ಯಾರ,” ಎಂದ ಹುಚ್ಚೀರಪ್ಪ.

“ಟೊಪಿಗಿ ಕೊಟ್ರು. ಸೀರಿ ಕಸಗೊಂಡವರು ತಲಿಗಾದ್ರೂ ಏನರೆ ಇಟ್ರಲ್ಲ,” ಎಂದಳು ದಂಡೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಮಾಳವ್ವ. ಅವಳಿಗೆ ಎಲ್ಲವೂ ಗೊತ್ತಿತ್ತು. ಹುಚ್ಚೀರಪ್ಪ ನದಿಯ ಸದ್ದಿನಲ್ಲಿ ಕೇಳಿಸದವನಂತೆ ಹುಟ್ಟು ಹಾಕಿದ.

ಮೊದಲ ವಾರ ನೋಡಿದವರು ಮೂವರು: ಅಂಗಡಿಯ ಮೊಬೈಲಿನಲ್ಲಿ ಸಾಹುಕಾರರು, ಮನೆಯ ಮೊಬೈಲಿನಲ್ಲಿ ಸಾಹುಕಾರರು, ಮತ್ತು ಮಾವನಿಗೆ ಅಂಜಿ ಶಿರಹಟ್ಟಿಯ ಅಳಿಯ.

ಶ್ರಾವಣದ ಕಡೆಯ ಸೋಮವಾರ ಬಂತು. ಹೊಳೆ ಕೆಂಪಾಗಿ ತುಂಬಿತ್ತು. ಮನೆಯ ಅಂಗಳದಲ್ಲಿ ಪೆಂಡಾಲು, ಒಲೆಯ ಮೇಲೆ ಗೋಧಿ ಹುಗ್ಗಿ. ಪಾವಟಿಗೆ ಇಳಿಯಲಾರದ ಸಾವಿತ್ರೆವ್ವನಂಥವರಿಗಾಗಿ ಪೆಂಡಾಲಿನಲ್ಲಿ ದೊಡ್ಡ ಟಿವಿ. ಕ್ಯಾಮೆರಾದ ಕಣ್ಣಿಗೆ ಬಿದ್ದದ್ದೆಲ್ಲ ಅದರಲ್ಲಿ ಕಾಣುವಂತೆ ತಾರೀಖ ಹೊಂದಿಸಿದ್ದ. ಅನ್ನಪೂರ್ಣವ್ವ ಮಡಿಯುಟ್ಟು ಕಾಗದ ಸುತ್ತಿದ ಸೀರೆಯನ್ನು ಮೊರದಲ್ಲಿಟ್ಟಳು. ನೇತ್ರಾ ಕೂಸನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತಳು. ಸಾಹುಕಾರರು ಕ್ಯಾಮೆರಾದ ಕಡೆಗೆ ಮುಖ, ಗಂಗವ್ವನ ಕಡೆಗೆ ಬೆನ್ನು ಮಾಡಿ ಕೈ ಮುಗಿದರು. ಮೊರ ತೇಲಿತು. ಟಿವಿಯಲ್ಲಿ ಎಲ್ಲವೂ ಸೊಗಸಾಗಿ ಕಂಡಿತು.

ಜನ ಮೇಲೆ ಬಂದು ಪಂಕ್ತಿಗೆ ಕುಳಿತರು. ಎಲೆಗೆ ಹುಗ್ಗಿ ಬಿತ್ತು. ಟಿವಿಯಲ್ಲಿ ಬರಿದಾದ ಪಾವಟಿಗೆಗಳು ಕಾಣುತ್ತಿದ್ದವು. ಸಾವಿತ್ರೆವ್ವ ಕುರ್ಚಿಯಲ್ಲಿ ಕುಳಿತೇ ಮೈಕು ಹಿಡಿದಳು.

“ದೈವದವರು ಕೇಳ್ರಿ. ಚನ್ನಬಸವಣ್ಣನ ಕಲ್ಲಿನ ಮಾತು...”

ಸಾಹುಕಾರರು ಹೆಗಲಿನ ಶಲ್ಯ ಸರಿಪಡಿಸಿಕೊಂಡರು. ಅಷ್ಟರಲ್ಲಿ ಟಿವಿಯ ತುಂಬ ಒಂದು ಕರಿಯ ಅಂಗೈ ಮೂಡಿತು. ಅಂಗೈ ಸರಿಯಿತು, ದುಂಡನೆಯ ಒಂದು ಕಣ್ಣು ಇಣುಕಿತು, ಕಣ್ಣು ಹೋಗಿ ಹಲ್ಲು ಬಂದವು.

“ಮಂಗ್ಯಾ! ಮಂಗ್ಯಾ!” ಎಂದು ಕೂಸುಗಳು ಕೂಗಿದವು.

ಉಪ್ಪಿನಕಾಯಿಯ ವಾಸನೆ ಹಿಡಿದು ಬಂದ ಮಂಗ ಡಬ್ಬಿಯನ್ನು ತಬ್ಬಿ ಮುಚ್ಚಳ ತಿರುವತೊಡಗಿತು. ಟಿವಿಯಲ್ಲಿ ಆಕಾಶ ತಿರುಗಿತು, ಹುಣಸೆಮರ ತಿರುಗಿತು, ಹೊಳೆ ತಿರುಗಿತು. ಕೊನೆಗೆ ಡಬ್ಬಿಯ ಮುಖ ಕೆಳಗಿನ ತಿರುವಿನತ್ತ ನಿಂತಿತು. ಎಮ್ಮೆಬಂಡೆ, ಸಾಹುಕಾರರು ಲೋಕಕ್ಕೆ ತೋರಿಸದೆ ಉಳಿಸಿದ್ದ ಅದೇ ಎಮ್ಮೆಬಂಡೆ, ಟಿವಿಯ ನಟ್ಟನಡುವೆ ಬಂದು ಮಲಗಿತು.

ಬಿಳಿ ಟೊಪ್ಪಿಗೆಯ ಹುಚ್ಚೀರಪ್ಪ ಮೊರವನ್ನು ಹರಿಗೋಲಿಗೆ ಎಳೆದುಕೊಂಡ. ಕಾಗದ ಬಿಡಿಸಿ ಹಸಿರು ಸೀರೆ ಎತ್ತಿದ. ಬಂಡೆಯ ಮೇಲೆ ಯಲ್ಲೇಶ ನಿಂತಿದ್ದ. ಕೈಯಲ್ಲಿ ತಾಲೂಕಿನ ಪ್ರತಿ ಮನೆಯಲ್ಲೂ ಒಂದು ಇರುವ, ಸಾಹುಕಾರರ ಅಂಗಡಿಯ ಹಳದಿ ಕೈಚೀಲ. ಇಬ್ಬರೂ ಆಚೀಚೆ ತುದಿ ಹಿಡಿದು ಸೀರೆ ಹಿಂಡಿದರು. ಆಮೇಲೆ ಗಾಳಿಗೆ ಸೆರಗು ಹರವಿದರು.

ಪಂಕ್ತಿಯಲ್ಲಿ ಕೈಗಳು ಬಾಯಿಯ ಹತ್ತಿರ ನಿಂತವು.

“ಏನದು? ಹೊಳಿ ಸೀರಿ ಒಗದು ಹೊಳ್ಳಿ ಕೊಡಾಕತ್ತಾಳೇನು?” ಎಂದಳು ಸಾವಿತ್ರೆವ್ವ. ಮೈಕು ಕೈಯಲ್ಲೇ ಇತ್ತು. ಮಾತು ಆಚೆ ದಂಡೆಯವರೆಗೆ ಹೋಯಿತು.

ನೆರೆಮನೆಯ ಚನ್ನಮ್ಮ ಎದ್ದೇ ನಿಂತಳು. “ಯವ್ವಾ, ಆ ಸೆರಗ ನೋಡ್ರೇ! ನಡುವಿನ ಗೋಪುರ ಇಲ್ಲ! ನನ್ನ ಮಗನ ಮದುವ್ಯಾಗ ಇದನ್ನ ನನಗ ತೋರ್ಸಿದ್ರು, ಹಲ್ಲ ಬಿದ್ದೈತಿ ಒಲ್ಲೆ ಅಂದಿದ್ದೆ. ಮಗನ ಮಗ ಸಾಲಿಗೆ ಹೊಂಟಾನ, ಇದಿನ್ನೂ ಹೊಳಿಗೆ ಹೊಂಟೈತಿ!”

ನಗೆ ಪಂಕ್ತಿಯ ಒಂದು ತುದಿಯಲ್ಲಿ ಹುಟ್ಟಿ ಇನ್ನೊಂದು ತುದಿಗೆ ಹರಿಯಿತು.

“ತಾರೀಖಾ, ಬಂದ್ ಮಾಡೋ ಅದನ್ನ!”

“ಟಿವಿ ಬಂದ್ ಮಾಡಿದ್ರ ನಮಗಷ್ಟ ಕಾಣಂಗಿಲ್ರಿ ಸಾವ್ಕಾರ್ರ. ಹೊರಗಿನವರಿಗೆ ಕಾಣಕೋತನ ಇರತೈತಿ. ಏನಾದ್ರೂ ನಿಲ್ಲಬಾರ್ದು ಅಂತ ನೀವ ಹೇಳಿದ್ರೆಲ್ಲ.”

ಚನ್ನಬಸವಣ್ಣನವರು ಮಾಳಿಗೆಗೆ ಓಡಿದರು. ಮಂಗ ಡಬ್ಬಿ ಬಿಡಲಿಲ್ಲ. ಅವರು ಎದುರಿನಿಂದ ಕೈ ಹಾಕಿದ್ದರಿಂದ ಟಿವಿಯಲ್ಲಿ ಅವರ ಮುಖವೇ ಮೂಡಿತು: ವಿಭೂತಿಯ ಪಟ್ಟೆಗಳು ಗದ್ದೆಯ ಬದುವಿನಷ್ಟು ಅಗಲ, ಮೂಗಿನ ಹೊಳ್ಳೆಗಳು ಜೋಳ ತುಂಬುವ ಹಗೇವಿನ ಬಾಯಿಯಷ್ಟು ಆಳ, ಹಣೆಯ ಬೆವರು ಹನಿಹನಿಯಾಗಿ. ಲೋಕಕ್ಕೆ ಕಾಣಬೇಕೆಂದು ಹಾರೈಸಿದ್ದರು; ಶಿವನು ಹಾರೈಕೆಯನ್ನು ಇಷ್ಟು ಹತ್ತಿರದಿಂದ ನಡೆಸಿಕೊಡುತ್ತಾನೆಂದು ತಿಳಿದಿರಲಿಲ್ಲ. ಮಂಗ ಅವರ ಹೆಗಲಿನ ಶಲ್ಯ ಕಿತ್ತುಕೊಂಡು ಹಲ್ಲು ಕಿಸಿಯಿತು. ಸಾಹುಕಾರರು ಇಳಿದರು, ಡಬ್ಬಿಯ ಮುಖ ಎಮ್ಮೆಬಂಡೆಯತ್ತಲೇ ಉಳಿಯಿತು.

ಕೆಳಗೆ ನೇತ್ರಾ ಅಡುಗೆಮನೆಗೆ ಓಡಿ ಪ್ಲಗ್ಗಿಗೆ ಕೈ ಹಾಕಿದ್ದಳು. ಅದನ್ನು ಕಿತ್ತರೆ ಮುಗಿಯಿತು, ಮನೆಯ ಮಾನ ಅಲ್ಲಿಗಾದರೂ ಉಳಿಯುತ್ತಿತ್ತು. ಅನ್ನಪೂರ್ಣವ್ವ ಮಗಳ ಕೈ ಹಿಡಿದಳು.

“ಇರಲಿ ಬಿಡು ತಂಗಿ. ಜಗತ್ತ ನೋಡಬೇಕು ಅಂತಿದ್ರು ನಿಮ್ಮಪ್ಪ. ನೋಡಲಿ.”

ಸೌಟು ಕೆಳಗಿಟ್ಟು ಆಕೆ ದಂಡೆಗೆ ಇಳಿದು ಎಮ್ಮೆಬಂಡೆಯತ್ತ ನಡೆದಳು. ಅರ್ಧ ಪಂಕ್ತಿ ಹಿಂದೆ ಹೊರಟಿತು. ಸೀರೆ ಮಡಿಸುತ್ತಿದ್ದ ಯಲ್ಲೇಶ ಬರುತ್ತಿದ್ದ ಜನರನ್ನು ಕಂಡು ಕೈಚೀಲವನ್ನು ಬೆನ್ನಿಗೆ ಅಡಗಿಸಿದ.

“ಕೊಡಿಲ್ಲೆ, ಯಲ್ಲೇಶಾ.”

ಅನ್ನಪೂರ್ಣವ್ವ ಒದ್ದೆ ಸೀರೆಯ ಸೆರಗು ಬಿಡಿಸಿ, ಗೋಪುರವಿಲ್ಲದ ಜಾಗವನ್ನು ಬೆರಳಿನಿಂದ ಸವರಿದಳು. ಏದುಸಿರು ಬಿಡುತ್ತ ಸಾಹುಕಾರರು ಹತ್ತಿರ ಬಂದರು.

“ಅನ್ನಪೂರ್ಣಾ, ಮನಿಗೆ ನಡಿ. ಒಳಗ ಮಾತಾಡೂಣು.”

“ದೇವರ ಸೀರಿ ಬಿಚ್ಚಬಾರ್ದು ಅಂದಿದ್ರಿ. ಬಿಚ್ಚೇನಿ ನೋಡ್ರಿ. ಹೋದ ವರ್ಷ ಇದರ ಮ್ಯಾಲ ನನ್ನ ಮಗಳ ಜೀವ ಇಟ್ಟು ಬೇಡಿಕೊಂಡಿದ್ದೆ. ಆಕಿ ಸೀರಿ ನೋಡದನ ನಡಸಿಕೊಟ್ಲು. ನೀವು ಸೀರಿ ನೋಡಿ ಹೊಳ್ಳಿ ತರಿಸಿಕೊಂಡ್ರಿ.”

ಸಾಹುಕಾರರು ಯಲ್ಲೇಶನನ್ನು ನೋಡಿದರು. ಯಲ್ಲೇಶ ಹೊಳೆಯನ್ನು ನೋಡಿದ.

ಹರಿಗೋಲಿನ ಹತ್ತಿರ ಮಾಳವ್ವ ನಿಂತಿದ್ದಳು. ಅನ್ನಪೂರ್ಣವ್ವ ಅವಳೆದುರು ಹೋಗಿ, “ಮಾಳವ್ವಾ, ಇದು ನಿನ್ನ ಹಕ್ಕ. ನನಗ ಗೊತ್ತಿರಲಿಲ್ಲ ತಾಯಿ. ಉಡಿ ಒಡ್ಡು,” ಎಂದಳು.

ಮಾಳವ್ವ ಸೆರಗನ್ನು ಸೊಂಟಕ್ಕೆ ಇನ್ನೂ ಬಿಗಿಯಾಗಿ ಸಿಕ್ಕಿಸಿಕೊಂಡಳು.

“ನಿಮ್ಮ ಕೈಲೆ ಕಲ್ಲ ಕೊಟ್ರೂ ಉಡಿ ಒಡ್ಡತೇನ್ರಿ ಅವ್ವಾರ. ಇದನ್ನ ಮಾತ್ರ ಒಲ್ಲೆ. ಗಂಗವ್ವ ತಾನ ಬ್ಯಾಡಂತ ಸಲಸಲಕ್ಕೂ ಹೊಳ್ಳಿ ಕಳಸ್ಯಾಳ. ಆಕಿ ಒಲ್ಲದ್ದು ನಾ ಉಟ್ರ ಆಕಿಗೆ ಸಿಟ್ಟ ಬರಂಗಿಲ್ಲೇನು?”

“ಮತ್ತ ಏನ ಕೊಡ್ಲೆ?”

“ನಿಮ್ಮ ಅಂಗಡಿ ಗಾಜಿನ ಕಪಾಟಿನಾಗ ಒಂದ ಹಸರ ಸೀರಿ ಐತಲ್ರೀ, ಸಂತಿಗೆ ಹೋದಾಗೊಮ್ಮೆ ಹೊರಗ ನಿಂತ ನೋಡಿ ಬರತೇನಿ. ಅದನ್ನ ಮೊದಲ ಗಂಗವ್ವ ಉಡಲಿ. ಆಕಿ ಉಟ್ಟು ಬಿಟ್ರ ನಾ ಉಡತೇನಿ. ಪದ್ಧತಿ ಪದ್ಧತಿನ.”

“ಅದು ಮಾರಾಕಲ್ಲ!” ಸಾಹುಕಾರರ ಎದೆಯಿಂದಲೇ ಕೂಗು ಬಂತು. “ಅದು ತೋರಸಾಕ ಇಟ್ಟದ್ದು!”

“ತೋರಸಾಕ ಇದಕ್ಕಿಂತ ಚಲೋ ಜಾಗಾ ಎಲ್ಲಿ ಸಿಗತೈತ್ರಿ ಸಾವ್ಕಾರ್ರ,” ಎಂದ ತಾರೀಖ ಮೊಬೈಲು ಎತ್ತಿ ಹಿಡಿದು. “ಜನ ಹ್ಯಾಂಗ ಏರಾಕತ್ತಾರ ನೋಡ್ರಿಲ್ಲೆ. ಗದಗ, ಲಕ್ಷ್ಮೇಶ್ವರ, ಹುಲಕೋಟಿ. ‘ಸೀರಿ ಬಂತೇನು’ ಅಂತ ಎಲ್ಲಾರೂ ಕೇಳಾಕತ್ತಾರ.”

ಮೇಲಿನಿಂದ ಮೈಕು ಗುಡುಗಿತು. ಸಾವಿತ್ರೆವ್ವನಿಗೆ ಮಾತು ಕೇಳಿಸುತ್ತಿರಲಿಲ್ಲ, ಟಿವಿಯಲ್ಲಿ ಮುಖಗಳು ಕಾಣುತ್ತಿದ್ದವು, ಅಷ್ಟು ಸಾಕಾಗಿತ್ತು.

“ಚನ್ನಬಸವಣ್ಣಾ! ಇವತ್ತಿನ ಉಡಿ ಇನ್ನೂ ಆಗಿಲ್ಲ. ಉಡಿ ಆಗೂತನಕ ದೈವದವರು ಎಲಿಗೆ ಕೈ ಹಚ್ಚಂಗಿಲ್ಲ. ಹುಗ್ಗಿ ಆರಾಕತ್ತೈತಿ, ಜಲ್ದಿ ಮಾಡು. ಕಲ್ಲಿನ ಮಾತ ಹೊಳ್ಯಾಗ ಹೋತು, ಅದನ್ನ ಮರತ ಬಿಡು!”

ಊರನ್ನು ಉಪವಾಸ ಕೆಡವಿದ ಮನೆತನವೆಂದು ಹೆಸರಾಗುವುದಕ್ಕೆ ಯಾವ ಕಲ್ಲೂ ಬೇಕಾಗುವುದಿಲ್ಲ. ಸಾಹುಕಾರರು ಉಡಿದಾರಕ್ಕೆ ಕಟ್ಟಿದ್ದ ಕಪಾಟಿನ ಕೀಲಿಯನ್ನು ಬಿಚ್ಚಿದರು. ಬಿಚ್ಚಲು ಬಹಳ ಹೊತ್ತು ಹಿಡಿಯಿತು, ಗಂಟು ಹಳೆಯದು. ಯಲ್ಲೇಶ ಮೋಟಾರ್‌ಸೈಕಲ್ಲು ಹತ್ತಿ ಮುಂಡರಗಿಗೆ ಹೋಗಿ ಬರುವವರೆಗೆ ಊರೆಲ್ಲ ಹೊಳೆಯ ದಂಡೆಯಲ್ಲಿ ಕುಳಿತಿತು. ಸಾಹುಕಾರರು ತಾವು ತರಿಸಿದ್ದ ನಯವಾದ ಕಲ್ಲಿನ ಮೇಲೆ ಕುಳಿತರು.

ಸೀರೆ ಬಂತು. ಅನ್ನಪೂರ್ಣವ್ವ ಕಾಗದ ತೆಗೆದು, ಸೀರೆಯನ್ನು ಪೂರ್ತಿ ಬಿಚ್ಚಿ, ದಡಿಯಿಂದ ಸೆರಗಿನ ಗೋಪುರಗಳವರೆಗೆ ಊರವರ ಎದುರು ನೋಡಿ, ಮತ್ತೆ ಮಡಿಸಿ ಮೊರದಲ್ಲಿಟ್ಟಳು. ಈ ಸಲ ಸಾಹುಕಾರರ ಮುಖ ಗಂಗವ್ವನ ಕಡೆಗಿತ್ತು. ಸೀರೆ ಹೋಗುವ ದಿಕ್ಕು ಅದೇ ಆದುದರಿಂದ ಬೇರೆ ಕಡೆ ನೋಡಲು ಅವರಿಂದ ಆಗಲಿಲ್ಲ. ಮೊರ ತೇಲಿತು, ತಿರುಗಿತು, ಎಮ್ಮೆಬಂಡೆಗೆ ತಾಗಿ ನಿಂತಿತು. ಹುಚ್ಚೀರಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಹೆಂಡತಿಗೆ ಕೊಟ್ಟ.

“ಈಗ ಆ ಟೊಪಿಗಿ ತಗದು ಒಗಿ,” ಎಂದಳು ಮಾಳವ್ವ. ಅವನು ಅದನ್ನು ಹೊಳೆಗೆ ಒಗೆದ. ಅದು ಹಡಗಿನಂತೆ ತೇಲಿಹೋಯಿತು.

ಹಲ್ಲುಬಿದ್ದ ಸೀರೆಯನ್ನು ಅನ್ನಪೂರ್ಣವ್ವ ಮರುದಿನ ತಾನೇ ಅಂಗಡಿಗೆ ಒಯ್ದು, ಬರಿದಾಗಿದ್ದ ಗಾಜಿನ ಕಪಾಟಿನಲ್ಲಿ ಸೆರಗು ಕಾಣುವಂತೆ ತೂಗುಹಾಕಿ, ಕಪಾಟಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಬಳಿ ಇಟ್ಟುಕೊಂಡಳು. ಸಾಹುಕಾರರು ಈಗಲೂ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಬರುತ್ತಾರೆ. ತಲೆ ಎತ್ತಿದರೆ ಎದುರಿಗೆ ಅದೇ. ಅಕ್ಷರವಿಲ್ಲದ ಕಲ್ಲು ಪಾವಟಿಗೆಯ ಬುಡದಲ್ಲಿದೆ. ಅದು ನುಣ್ಣಗಿರುವುದರಿಂದ ಬಟ್ಟೆ ಒಗೆಯಲು ಬಹಳ ಅನುಕೂಲವೆಂದು ಊರ ಹೆಂಗಸರು ಹೇಳುತ್ತಾರೆ.

ಕ್ಯಾಮೆರಾವನ್ನು ತೆಗೆಸಲಿಲ್ಲ. ಅನ್ನಪೂರ್ಣವ್ವ ಡಬ್ಬಿಯನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಮತ್ತೆ ಕಟ್ಟಿಸಿದ್ದಾಳೆ. ಈಗ ಅದರ ಮುಖ ಎಮ್ಮೆಬಂಡೆಯವರೆಗೂ ಹಾಯುತ್ತದೆ. ಜನ ನೋಡುತ್ತಾರೆ. ಅವರಲ್ಲಿ ಅಂಗಡಿಯ ಗಾದಿಯ ಮೇಲೆ ಒರಗಿದ ಒಬ್ಬರು ದಿನಾ ಮಧ್ಯಾಹ್ನ ತಪ್ಪದೆ ನೋಡುತ್ತಾರೆ. ಹಸಿರು ಸೀರೆ ಉಟ್ಟ ಹೆಂಗಸು ಹರಿಗೋಲಿನಿಂದ ಇಳಿದು ಪಾವಟಿಗೆ ಏರುವಾಗ ಅವರು ಮೊಬೈಲನ್ನು ಕಣ್ಣಿನ ಹತ್ತಿರ ಎಳೆದುಕೊಳ್ಳುತ್ತಾರೆ.

“ಯಲ್ಲೇಶಾ, ನಿನ್ನ ಕಣ್ಣ ಚಲೋ ಅದಾವ. ಸೆರಗ ನೋಡು. ಗೋಪುರ ಎಲ್ಲಾ ಅದಾವೇನು?”

“ಎಲ್ಲಾ ಅದಾವ್ರಿ.”

“ಬಣ್ಣ?”

“ಒಂದೀಟೂ ಹೋಗಿಲ್ರಿ. ಗಟ್ಟಿ ಬಣ್ಣ, ಹೊಳ್ಯಾಗ ಒಗದ್ರೂ ಹೋಗಂಗಿಲ್ಲ ಅಂತ ಗಿರಾಕಿಗೆ ನೀವ ಹೇಳತಿದ್ರೆಲ್ರಿ.”

ಸಾಹುಕಾರರು ಮತ್ತೊಮ್ಮೆ ಮೊಬೈಲಿಗೆ ಕಣ್ಣು ಹಚ್ಚಿದರು. ತಾವು ಗಿರಾಕಿಗೆ ಹೇಳಿದ ಮಾತು ಖರೆಯಾದದ್ದನ್ನು ಕಣ್ಣಾರೆ ಕಂಡದ್ದು ಅವರಿಗೆ ಅದೇ ಮೊದಲು.